‘ನಿಮ್ಮ ಕೈಯಾಗ ಅದ ಏನ್ರಿ?’: ಭೀಮಾ ದಂಡೆಯ ಒಬ್ಬ ಅಭ್ಯರ್ಥಿಯ ನಿಲುವು ಪತ್ರ, ಒಂದು ಪ್ರಕರಣ ಅಧ್ಯಯನ

2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ ಕಲಬುರಗಿ ಜಿಲ್ಲೆಯ ಒಂದು ಕ್ಷೇತ್ರದಿಂದ ನಿಂತಿದ್ದ ಅಭ್ಯರ್ಥಿಯೊಬ್ಬರು ದೊಡ್ಡ ದೊಡ್ಡ ವಿಷಯಗಳ ಮೇಲೆ ತಮ್ಮ ನಿಲುವುಗಳನ್ನು ಹೇಗೆ ಬರೆದರು, ಎಲ್ಲಿ ಒಡೆದು ಮತ್ತೆ ಕಟ್ಟಿದರು, ಅದರಿಂದ ಏನಾಯಿತು ಎಂಬುದರ ದಾಖಲೆ ಇದು. ಅಭ್ಯರ್ಥಿಯ ಹೆಸರು, ಪಕ್ಷ, ಕ್ಷೇತ್ರ, ಹಳ್ಳಿಗಳ ಹೆಸರು ಯಾವುದೂ ಇಲ್ಲಿಲ್ಲ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ. ಪಂಚಾಯಿತಿಯಿಂದ ಹಿಡಿದು ವಿಧಾನಸಭೆಯವರೆಗೆ ಯಾವುದೇ ಚುನಾವಣೆಗೆ ನಿಲ್ಲುವವರಿಗೆ, ಅವರ ಜೊತೆ ಕೆಲಸ ಮಾಡುವವರಿಗೆ ಇದು ಉಪಯೋಗಕ್ಕೆ ಬರಬೇಕು ಎಂಬುದೇ ಉದ್ದೇಶ.

ಹಿನ್ನೆಲೆ

ಕ್ಷೇತ್ರದ ಒಂದು ಬದಿ ಭೀಮಾ ನದಿಗೆ ತಾಗಿಕೊಂಡಿದೆ. ಉಳಿದದ್ದೆಲ್ಲ ಎರೆಭೂಮಿ, ಮಳೆ ನಂಬಿದ ತೊಗರಿ, ಹೆಸರು, ಉದ್ದು, ಜೋಳ. ನದಿದಂಡೆಯಲ್ಲಿ ಪಂಪ್‌ಸೆಟ್ಟು ಮತ್ತು ಕಬ್ಬು. ಒಳನಾಡಿನ ತಾಂಡಾಗಳಿಂದ ರಾಶಿ ಮುಗಿಯುತ್ತಿದ್ದಂತೆ ಜನ ಪುಣೆ, ಮುಂಬಯಿ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುತ್ತಾರೆ. 2022ರ ಕೊನೆಯಲ್ಲಿ ಹೂವು ಕಾಯಿ ಹಿಡಿಯುವ ಹೊತ್ತಿಗೆ ತೊಗರಿಗೆ ನೆಟೆ ರೋಗ ಬಿದ್ದು ಹೊಲಗಳೇ ಒಣಗಿದ್ದವು. ಅದಕ್ಕಿಂತ ಎರಡು ವರ್ಷ ಹಿಂದೆ, 2020ರ ಅಕ್ಟೋಬರ್‌ನಲ್ಲಿ, ಭೀಮಾ ಪ್ರವಾಹ ದಂಡೆಯ ಹಳ್ಳಿಗಳನ್ನು ಮುಳುಗಿಸಿತ್ತು. ಮತ ಕೇಳಲು ಬಂದವರ ಮುಂದೆ ಜನ ಇಡುತ್ತಿದ್ದ ಮಾತುಗಳೆಲ್ಲ ಈ ಮೂರರ ಸುತ್ತ ಇದ್ದವು: ತೊಗರಿ, ನೀರು, ದುಡಿಮೆ.

ಅಭ್ಯರ್ಥಿ ಪಂಚಾಯಿತಿ ರಾಜಕಾರಣದಿಂದ ಬಂದವರು. ಜನಸಂಪರ್ಕ ಗಟ್ಟಿ ಇತ್ತು, ಹಣ ತೆಳುವಾಗಿತ್ತು. ಜೊತೆಗಿದ್ದವರು ಆರು ಮಂದಿ. ಅವರಲ್ಲಿ ನಿವೃತ್ತ ಕಂದಾಯ ನೌಕರರು, ಕೃಷಿ ಡಿಪ್ಲೊಮಾ ಮಾಡಿದ ಯುವಕ, ಸಹಕಾರ ಸಂಘದ ಹಳೆಯ ಕಾರ್ಯದರ್ಶಿ ಇದ್ದರು. ಈ ಮೂವರು ಇರದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ನಿಲುವು ಬರೆಯಲು ಭಾಷಣಕಾರರಿಗಿಂತ ಕಡತ ನೋಡಿದವರು ಬೇಕು.

ಮೊದಲ ಕರಪತ್ರ

ಮಾರ್ಚ್ 29ರಂದು ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಜಾರಿಗೆ ಬಂತು. ಅದಾದ ಕೆಲವೇ ದಿನಗಳಲ್ಲಿ ಹೊರಬಂದ ಮೊದಲ ಕರಪತ್ರದಲ್ಲಿ 32 ಭರವಸೆಗಳಿದ್ದವು. ತೊಗರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ, ಭೀಮೆಯಲ್ಲಿ ವರ್ಷವಿಡೀ ನೀರು, ವಿದೇಶಿ ತೊಗರಿ ಆಮದಿಗೆ ತಡೆ, ಮನೆಗೊಂದು ಸರ್ಕಾರಿ ನೌಕರಿ, ಇನ್ನೂ ಇಂಥವೇ. ಒಂದಕ್ಕೂ ‘ಹೇಗೆ’ ಎಂಬುದಿರಲಿಲ್ಲ.

ಕರಪತ್ರ ಎರಡು ಕಡೆ ಮುಗ್ಗರಿಸಿತು. ಮೊದಲನೆಯದು ಕಾನೂನಿನದು. ದರ ಕಡಿಮೆ ಎಂದು ಗಡಿಯಾಚೆಯ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದ್ದರು. ಹಾಳೆಯ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲಿಲ್ಲ. ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನ ಪ್ರಕಾರ ಚುನಾವಣಾ ಕರಪತ್ರದ ಮೇಲೆ ಇವೆರಡೂ ಇರಲೇಬೇಕು. ಪ್ರಕಾಶಕರು ಸಹಿ ಮಾಡಿ, ಅವರನ್ನು ಬಲ್ಲ ಇಬ್ಬರು ದೃಢೀಕರಿಸಿದ ಘೋಷಣೆಯನ್ನು ಎರಡು ಪ್ರತಿಯಲ್ಲಿ ಮುದ್ರಕರಿಗೆ ಕೊಡಬೇಕು. ಮುದ್ರಕರು ಅದರ ಪ್ರತಿಯನ್ನು ಕರಪತ್ರದ ಜೊತೆ ಜಿಲ್ಲಾ ದಂಡಾಧಿಕಾರಿಗೆ ಕಳಿಸಬೇಕು. ತಪ್ಪಿದರೆ 6 ತಿಂಗಳವರೆಗೆ ಸೆರೆವಾಸ, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ತಪಾಸಣಾ ತಂಡದ ಕಣ್ಣಿಗೆ ಬಿದ್ದು ನೋಟಿಸ್ ಬಂತು, ಉಳಿದ ಕಟ್ಟುಗಳನ್ನು ಹಂಚುವಂತಿರಲಿಲ್ಲ. ಮುದ್ರಣದ ಖರ್ಚು ಮಾತ್ರ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿತು. ವಿಧಾನಸಭೆಗೆ ಒಬ್ಬ ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಕೈಯಲ್ಲಿ ಅದರ ಹತ್ತಿರಕ್ಕೂ ಬರದಷ್ಟು ಹಣ ಇದ್ದವರಿಗೆ ಹಂಚಲಾಗದ ಕಾಗದದ ಬಿಲ್ಲು ದೊಡ್ಡ ಪೆಟ್ಟೇ.

ಎರಡನೆಯ ಮುಗ್ಗರಿಕೆ ಇದಕ್ಕಿಂತ ಮುಖ್ಯ. ನದಿಯಿಂದ ದೂರದ ಒಂದು ಹಳ್ಳಿಯ ಕಟ್ಟೆಯ ಮೇಲೆ ಆಮದು ತಡೆಯ ಮಾತು ಬಂದಾಗ ಹಿರಿಯ ರೈತರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: ಅದು ನಿಮ್ಮ ಕೈಯಾಗ ಅದ ಏನ್ರಿ? ಅಭ್ಯರ್ಥಿ ದೆಹಲಿಗೆ ನಿಯೋಗ ಒಯ್ಯುವ ಮಾತಾಡಿದರು. ರೈತರು ಮತ್ತೆ ಕೇಳಿದರು, ಮೊದಲಿನವರೂ ಒಯ್ದಿದ್ದರಲ್ಲ ಎಂದು. ಸಭೆ ಅಲ್ಲಿಗೇ ತಣ್ಣಗಾಯಿತು. ಆ ರಾತ್ರಿ ತಂಡ ಕುಳಿತು ಕರಪತ್ರವನ್ನು ಕೈಬಿಡಲು ತೀರ್ಮಾನಿಸಿತು. ನಾಮಪತ್ರ ಸಲ್ಲಿಕೆಗೆ ಏಪ್ರಿಲ್ 20 ಕೊನೆಯ ದಿನ. ಪ್ರಚಾರದ ಮಧ್ಯದಲ್ಲಿ ನಿಲುವುಗಳನ್ನು ಬುಡದಿಂದ ಬರೆಯುವುದು ಆತ್ಮಹತ್ಯೆ ಎಂದು ಪಕ್ಷದ ಮೇಲಿನವರು ಹೇಳಿದರು. ಅಭ್ಯರ್ಥಿ ಕೇಳಲಿಲ್ಲ. ಈ ಪ್ರಕರಣದ ಮೊದಲ ತಿರುವು ಇದು.

ಜರಡಿ

32 ಭರವಸೆಗಳಲ್ಲಿ ಪ್ರತಿಯೊಂದನ್ನೂ ತಂಡ ಐದು ಪ್ರಶ್ನೆಗಳ ಮುಂದೆ ನಿಲ್ಲಿಸಿತು. ಅಧಿಕಾರ ಯಾರದು? ಹಣ ಯಾವ ಬಜೆಟ್ ಶೀರ್ಷಿಕೆಯಿಂದ ಬರುತ್ತದೆ? ಶಾಸಕ ಇಡಬಹುದಾದ ಮೊದಲ ಹೆಜ್ಜೆ ಯಾವುದು, ಯಾವ ತಿಂಗಳಲ್ಲಿ? ಇದರಿಂದ ಯಾರಿಗೆ ನಷ್ಟ? ಆಯಿತೋ ಇಲ್ಲವೋ ಎಂದು ಹಳ್ಳಿಯವರು ಹೇಗೆ ಅಳೆಯಬೇಕು?

ಶಾಸಕನ ಕೈಯಲ್ಲಿ ಏನಿದೆ ಎಂಬುದರ ಪಟ್ಟಿಯನ್ನೇ ಮೊದಲು ಮಾಡಬೇಕಾಯಿತು. ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ತಾಲ್ಲೂಕು ಮಟ್ಟದ ಕೆಡಿಪಿ ಸಭೆಯ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲಿಸುವ ಸಭೆಯ, ಅಧ್ಯಕ್ಷತೆ. ಸದನದಲ್ಲಿ ಪ್ರಶ್ನೆ, ಗಮನ ಸೆಳೆಯುವ ಸೂಚನೆ, ಬಜೆಟ್ ಮೇಲಿನ ಚರ್ಚೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಾಮಗಾರಿ ಪಟ್ಟಿಯ ಮೇಲೆ ಪ್ರಭಾವ. ಕೊನೆಗೆ, ಅಧಿಕಾರಿಗಳನ್ನು ಸಕಾಲಕ್ಕೆ ಎಬ್ಬಿಸುವ ಶಕ್ತಿ. ಪಟ್ಟಿ ಚಿಕ್ಕದಾಗಿ ಕಂಡರೂ ಕೊನೆಯದನ್ನು ಯಾವ ಕೆಲಸ ಯಾವ ತಿಂಗಳು ಎಂದು ನೋಡಿ ಬಳಸಿದರೆ ಬಹಳ ಕೆಲಸ ಆಗುತ್ತದೆ. ಮುಂದೆ ಬಂದ ಒಳ್ಳೆಯ ನಿಲುವುಗಳೆಲ್ಲ ಅದರ ಮೇಲೆಯೇ ನಿಂತವು.

ಜರಡಿಯಲ್ಲಿ ಉಳಿದದ್ದು ಏಳು. ಕೆಲವು ಭರವಸೆಗಳು ಅಪಾಯಕಾರಿಯೇ ಆಗಿದ್ದವು: ತಮಗೆ ಹೆಚ್ಚು ಮತ ಕೊಟ್ಟ ಹಳ್ಳಿಗೆ ಮೊದಲು ರಸ್ತೆ ಎಂಬ ಸಾಲು ಲಂಚದ ಆಮಿಷವಾಗಿ 123ನೇ ಕಲಮಿನಡಿ ಭ್ರಷ್ಟ ಆಚರಣೆಯ ಆರೋಪಕ್ಕೆ ದಾರಿ ಮಾಡುತ್ತಿತ್ತು. ಅದನ್ನು ಮೊದಲ ಸುತ್ತಿನಲ್ಲೇ ತೆಗೆದರು. ಪ್ರಣಾಳಿಕೆಗಳ ಬಗ್ಗೆ 2013ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಚುನಾವಣಾ ಆಯೋಗ ನೀತಿ ಸಂಹಿತೆಗೆ ಸೇರಿಸಿದ ಭಾಗ ಪಕ್ಷಗಳಿಗೆ ಹೇಳುವುದೂ ಇದನ್ನೇ: ಭರವಸೆಯ ಹಿಂದಿನ ತರ್ಕ ಕಾಣಬೇಕು, ಹಣ ಎಲ್ಲಿಂದ ಎಂಬುದನ್ನು ಸ್ಥೂಲವಾಗಿಯಾದರೂ ತೋರಿಸಬೇಕು.

ತೊಗರಿ: 12,000ದಿಂದ ಬೆಳೆ ಸಮೀಕ್ಷೆಯವರೆಗೆ

ಅತಿ ಹೆಚ್ಚು ಹೊತ್ತು ಹಿಡಿದದ್ದು ತೊಗರಿ. ಬೆಂಬಲ ಬೆಲೆ ಘೋಷಿಸುವುದು ಕೇಂದ್ರ ಸಚಿವ ಸಂಪುಟ. 2022-23ರ ದರ ಕ್ವಿಂಟಲ್‌ಗೆ 6,600. ರಾಜ್ಯ ಬೇಕಾದರೆ ಅದರ ಮೇಲೆ ಪ್ರೋತ್ಸಾಹಧನ ಸೇರಿಸಬಹುದು. ಹಾಗಾದರೆ 12,000 ಕೊಡಲು ರಾಜ್ಯ ಎಷ್ಟು ಸೇರಿಸಬೇಕು? ವ್ಯತ್ಯಾಸ 5,400. ಬೆಂಬಲ ಬೆಲೆ ಯೋಜನೆಯಡಿ ಕೇಂದ್ರ ಆಗ ಒಪ್ಪುತ್ತಿದ್ದದ್ದು ಉತ್ಪಾದನೆಯ ಒಂದು ಭಾಗದ ಖರೀದಿಗೆ ಮಾತ್ರ. ರಾಜ್ಯದ ಮಟ್ಟಿಗೆ ಅದನ್ನು 3 ಲಕ್ಷ ಟನ್, ಅಂದರೆ 30 ಲಕ್ಷ ಕ್ವಿಂಟಲ್ ಎಂದು ಹಿಡಿದರೆ ಬೇಕಾದ್ದು 1,620 ಕೋಟಿ ರೂಪಾಯಿ. 2021-22ರ ಬಜೆಟ್‌ನಲ್ಲಿ ಇಡೀ ಕಲ್ಯಾಣ ಕರ್ನಾಟಕ ಮಂಡಳಿಗೆ ಇಟ್ಟದ್ದು 1,500 ಕೋಟಿ. ಈ ಎರಡು ಅಂಕಿ ಪಕ್ಕಪಕ್ಕದಲ್ಲಿ ಬಂದಾಗ ಅಭ್ಯರ್ಥಿಯೇ ಪೆನ್ನು ತೆಗೆದುಕೊಂಡು 12,000ವನ್ನು ಹೊಡೆದುಹಾಕಿದರು. ಇನ್ನೊಂದು ಸತ್ಯವೂ ಇತ್ತು. ಆ ಹಂಗಾಮಿನಲ್ಲಿ ನೆಟೆ ರೋಗದಿಂದ ಇಳುವರಿ ಬಿದ್ದು, ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಮೇಲೆ ಹೋಗಿತ್ತು. ದರ ಇತ್ತು, ಮಾರಲು ಕಾಳು ಇರಲಿಲ್ಲ. ಅಂಥ ವರ್ಷದಲ್ಲಿ ಬೆಂಬಲ ಬೆಲೆಯ ಭರವಸೆ ಯಾರ ಮನೆಯನ್ನೂ ಮುಟ್ಟುವುದಿಲ್ಲ.

ಹಾಗಾಗಿ ನಿಲುವನ್ನು ಮೂರು ತುಂಡು ಮಾಡಿದರು.

ಒಂದು, ದರ ಬಿದ್ದ ವರ್ಷದ ಮಾತು. ತೊಗರಿ ಡಿಸೆಂಬರ್–ಜನವರಿಯಲ್ಲಿ ರಾಶಿಗೆ ಬರುತ್ತದೆ. ರಾಜ್ಯದ ಪ್ರಸ್ತಾವ, ಕೇಂದ್ರದ ಒಪ್ಪಿಗೆ, ಜಿಲ್ಲಾ ಕಾರ್ಯಪಡೆ ಸಭೆ, ಖರೀದಿ ಸಂಸ್ಥೆಯ ಆದೇಶ, ಗೋಣಿಚೀಲ, ನೋಂದಣಿ, ಇಷ್ಟೆಲ್ಲ ಆಗಿ ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಸಾಲಗಾರ ಸಣ್ಣ ರೈತ ಅಡತಿಗೆ ಮಾರಿ ಮುಗಿಸಿರುತ್ತಾನೆ. ಉಳಿದವರಿಗೂ ಕಾಳಿನ ತೇವಾಂಶ ಶೇ 12 ದಾಟಬಾರದು ಎಂಬ ಮಾನದಂಡ ಇದೆ. ಅವಸರದಲ್ಲಿ ರಾಶಿ ಮಾಡಿ ತಂದ ಚೀಲ ಅಲ್ಲಿಂದ ಹಿಂದಿರುಗುತ್ತದೆ. ನಿಲುವು ಹೇಳಿದ್ದು: ರಾಶಿಗೆ ಮುಂಚೆ ನೋಂದಣಿ ಶುರುವಾಗಬೇಕು, ಪ್ರತಿ ಖರೀದಿ ಕೇಂದ್ರದಲ್ಲಿ ತೇವಾಂಶ ಮಾಪಕ ಮತ್ತು ಒಣಗಿಸಲು ಕಣ ಇರಬೇಕು, ರಾಜ್ಯ ಆವರ್ತ ನಿಧಿಯಿಂದ ಹಣ ಮೊದಲು ಪಾವತಿಸಿ ಆಮೇಲೆ ಕೇಂದ್ರದಿಂದ ಪಡೆಯಬೇಕು. ಪ್ರೋತ್ಸಾಹಧನವಾಗಿ ಕೇಳಬಹುದಾದ ಮೊತ್ತ ಕ್ವಿಂಟಲ್‌ಗೆ ಕೆಲವು ನೂರು ರೂಪಾಯಿ ಎಂದು ಬರೆದರು. ಕಡಿಮೆಯಾಯಿತು ಎಂದು ತಂಡದಲ್ಲೇ ಜಗಳ ನಡೆಯಿತು. 2025ರ ಆರಂಭದಲ್ಲಿ ದರ ನಿಜವಾಗಿಯೂ ಬಿದ್ದಾಗ ರಾಜ್ಯ ಸರ್ಕಾರ 7,550ರ ಬೆಂಬಲ ಬೆಲೆಯ ಮೇಲೆ 450 ಸೇರಿಸಿ 8,000 ಕೊಟ್ಟಿತು. ಆ ಅಂದಾಜು ಸರಿಯಾದ ಜಾಗದಲ್ಲೇ ಇತ್ತು.

ಎರಡು, ನೋಂದಣಿಯ ಒಳಗಿನ ತೊಡಕು. ಖರೀದಿ ಕೇಂದ್ರದಲ್ಲಿ ತೊಗರಿ ಮಾರಲು ರೈತನ ಫ್ರೂಟ್ಸ್ (ರಾಜ್ಯದ ರೈತ ನೋಂದಣಿ ತಂತ್ರಾಂಶ) ಗುರುತಿನ ಸಂಖ್ಯೆ ಬೇಕು, ಆ ಸಂಖ್ಯೆಯ ಸರ್ವೆ ನಂಬರಿನಲ್ಲಿ ಬೆಳೆ ಸಮೀಕ್ಷೆ ತೊಗರಿ ಎಂದು ತೋರಿಸಬೇಕು. ಎರೆಭೂಮಿಯಲ್ಲಿ ತೊಗರಿಯ ಸಾಲುಗಳ ನಡುವೆ ಹೆಸರು ಅಥವಾ ಉದ್ದು ಬಿತ್ತುವುದು ಹಳೆಯ ಪದ್ಧತಿ. ಮೊಬೈಲ್ ಹಿಡಿದು ಆಗಸ್ಟ್‌ನಲ್ಲಿ ಹೊಲಕ್ಕೆ ಬಂದವರಿಗೆ ಎದ್ದು ಕಾಣುವುದು ಹೆಸರು. ತೊಗರಿ ಇನ್ನೂ ಗಿಡ್ಡ. ದಾಖಲೆಯಲ್ಲಿ ಹೆಸರು ಮಾತ್ರ ಏರುತ್ತದೆ. ಜನವರಿಯಲ್ಲಿ ರೈತ ಚೀಲ ಹೊತ್ತು ಬಂದಾಗ ಗಣಕಯಂತ್ರ ಅವನ ಹೊಲದಲ್ಲಿ ತೊಗರಿಯೇ ಇಲ್ಲ ಎನ್ನುತ್ತದೆ. ಬೆಳೆ ವಿಮೆ ಪರಿಹಾರಕ್ಕೂ ಇದೇ ದಾಖಲೆ ಅಡ್ಡ ಬರುತ್ತದೆ. ಇದನ್ನು ಗುರುತಿಸಿದ್ದು ಸಹಕಾರ ಸಂಘದ ಹಳೆಯ ಕಾರ್ಯದರ್ಶಿ. ಆಕ್ಷೇಪಣೆ ಸಲ್ಲಿಸಲು ‘ಬೆಳೆ ದರ್ಶಕ್’ ಆ್ಯಪ್ ಇದೆ, ಆದರೆ ಅವಧಿ ಮುಗಿದ ಮೇಲೆ ಅದು ಉಪಯೋಗಕ್ಕೆ ಬರದು. ನಿಲುವು: ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಬೆಳೆ ದಾಖಲೆಯನ್ನು ಗಟ್ಟಿಯಾಗಿ ಓದಿಸುವ ಶಿಬಿರ, ಗ್ರಾಮ ಲೆಕ್ಕಿಗ ಮತ್ತು ಕೃಷಿ ಸಹಾಯಕರ ಸಮ್ಮುಖದಲ್ಲಿ ತಿದ್ದುಪಡಿ. ಖರ್ಚು ಇಲ್ಲವೆಂದೇ ಹೇಳಬಹುದು. ಅಧಿಕಾರ ತಾಲ್ಲೂಕಿನಲ್ಲೇ ಇದೆ. ನಮ್ಮ ದೃಷ್ಟಿಯಲ್ಲಿ ಏಳು ಪುಟಗಳ ನಿಲುವು ಪತ್ರದಲ್ಲಿ ಅತ್ಯಂತ ಬೆಲೆಬಾಳುವ ಸಾಲು ಇದೇ. ಭಾಷಣದಲ್ಲಿ ಚಪ್ಪಾಳೆ ಗಿಟ್ಟಿಸದ ಸಾಲೂ ಇದೇ.

ಮೂರು, ನೆಟೆ ರೋಗ. ರಾಜ್ಯ ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತ್ತು. ಎಲ್ಲ ಪಕ್ಷಗಳೂ ಅದನ್ನು ಹೆಚ್ಚಿಸುವ ಮಾತಾಡುತ್ತಿದ್ದವು. ತಂಡ ಬೇರೆ ಕಡೆ ನೋಡಿತು. ಈ ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ವರ್ಷವರ್ಷವೂ ಅದೇ ಹೊಲಕ್ಕೆ ತೊಗರಿ ಹಾಕಿದರೆ ಬೆಳೆಯುತ್ತಲೇ ಹೋಗುತ್ತದೆ. ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ ಟಿಎಸ್–3ಆರ್, ಜಿಆರ್‌ಜಿ–811ರಂಥ ತಳಿಗಳು ರೋಗವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತವೆ, ಆದರೆ ಮನೆಯ ಬೀಜವನ್ನೇ ಹಲವು ವರ್ಷ ಬಿತ್ತಿದರೆ ಆ ಗುಣ ಕಲಬೆರಕೆಯಲ್ಲಿ ಹೋಗುತ್ತದೆ. ನಿಲುವು: ಮಂಡಳಿಯ ಹಣದಲ್ಲಿ ಹೋಬಳಿಗೊಂದು ಬೀಜ ಗ್ರಾಮ, ರೈತ ಸಂಪರ್ಕ ಕೇಂದ್ರದಲ್ಲಿ ಮೇ ತಿಂಗಳೊಳಗೆ ಬೀಜ, ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಜೈವಿಕ ಪುಡಿ) ಹಚ್ಚಿ ಬಿತ್ತುವ ಪ್ರಾತ್ಯಕ್ಷಿಕೆ, ಮೂರು ವರ್ಷಕ್ಕೊಮ್ಮೆಯಾದರೂ ಜೋಳಕ್ಕೆ ಬದಲಾಯಿಸುವವರಿಗೆ ಪ್ರೋತ್ಸಾಹ. ವಿಮೆಯ ವಿಷಯದಲ್ಲಿ ಇಳುವರಿ ಅಳೆಯಲು ಪಂಚಾಯಿತಿಗೆ ನಾಲ್ಕು ಬೆಳೆ ಕಟಾವು ಪ್ರಯೋಗಗಳು ನಡೆಯುತ್ತವೆ, ಅವು ಯಾವ ಸರ್ವೆ ನಂಬರಿನಲ್ಲಿ, ಯಾವ ದಿನ ಎಂಬುದನ್ನು ಪಂಚಾಯಿತಿ ಫಲಕದಲ್ಲಿ ಮುಂಚೆಯೇ ಹಾಕಬೇಕು ಎಂದರು. ನೆಟೆ ತುಂಡುತುಂಡಾಗಿ ಬೀಳುವ ರೋಗ. ನಾಲ್ಕು ಪ್ರಯೋಗಗಳು ಒಳ್ಳೆಯ ತುಂಡಿಗೆ ಬಿದ್ದರೆ ಇಡೀ ಪಂಚಾಯಿತಿಯ ಪರಿಹಾರ ಕೈತಪ್ಪುತ್ತದೆ.

ಆಮದು? ಅದನ್ನು ಬಿಡಲಿಲ್ಲ, ಆದರೆ ಸ್ಥಾನ ಬದಲಾಯಿಸಿದರು. 2021ರ ಮೇ ತಿಂಗಳಲ್ಲಿ ಕೇಂದ್ರ ತೊಗರಿಯನ್ನು ನಿರ್ಬಂಧಿತ ಪಟ್ಟಿಯಿಂದ ಮುಕ್ತ ಪಟ್ಟಿಗೆ ತಂದಿತು. ಮೊಜಾಂಬಿಕ್‌ನಿಂದ ವರ್ಷಕ್ಕೆ 2 ಲಕ್ಷ ಟನ್, ಮ್ಯಾನ್ಮಾರ್‌ನಿಂದ 1 ಲಕ್ಷ ಟನ್, ಮಲಾವಿಯಿಂದ 50 ಸಾವಿರ ಟನ್ ತರಿಸುವ, 2021-22ರಿಂದ 2025-26ರವರೆಗಿನ ಐದು ವರ್ಷದ ಒಪ್ಪಂದಗಳಿದ್ದವು. ಇವನ್ನು ನಿಲ್ಲಿಸುವುದು ಶಾಸಕನ ಕೈಯಲ್ಲಿಲ್ಲ ಎಂದು ಪುಟದಲ್ಲಿ ಸ್ಪಷ್ಟವಾಗಿ ಬರೆದು, ನಮ್ಮ ರಾಶಿಯ ತಿಂಗಳುಗಳಲ್ಲಿ ಸುಂಕರಹಿತ ಆಮದು ಇರಬಾರದು ಎಂಬ ನಿರ್ಣಯಕ್ಕೆ ಸದನದಲ್ಲಿ ಒತ್ತಾಯಿಸುವುದಾಗಿ ಮಾತ್ರ ಹೇಳಿದರು.

ಯಾರಿಗೆ ನಷ್ಟ ಎಂಬ ಪ್ರಶ್ನೆಗೂ ಉತ್ತರ ಬರೆಯಲೇಬೇಕಿತ್ತು. ಖರೀದಿ ಕೇಂದ್ರ ಬೇಗ ತೆರೆದರೆ ರಾಶಿಯ ಮೊದಲ ವಾರಗಳಲ್ಲಿ ಅಗ್ಗಕ್ಕೆ ಕೊಳ್ಳುವ ವ್ಯಾಪಾರಕ್ಕೆ ಹೊಡೆತ. ಪ್ರಚಾರಕ್ಕೆ ವಾಹನ ಕೊಡಲು ಒಪ್ಪಿದ್ದ ಇಬ್ಬರು ಅಡತಿದಾರರು ಹಿಂದೆ ಸರಿದರು.

ಭೀಮೆ: ಸ್ವಂತ ಬೆಂಬಲಿಗರಿಗೆ ಕಹಿಯಾದ ಸಾಲು

‘ವರ್ಷವಿಡೀ ನೀರು’ ಎಂಬುದನ್ನು ಕಾನೂನಿನ ಮುಂದೆ ಹಿಡಿದು ನೋಡಿದಾಗ ಉಳಿಯಲಿಲ್ಲ. ಕೃಷ್ಣಾ ಕಣಿವೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿಯ ತೀರ್ಪು ಮೇಲ್ಭೀಮೆಯಲ್ಲಿ ಮಹಾರಾಷ್ಟ್ರಕ್ಕೆ 95 ಟಿಎಂಸಿ ಮಿತಿ ಹಾಕಿತು, ಭೀಮೆಯ ಮುಖ್ಯ ಹರಿವಿನಿಂದ ಕರ್ನಾಟಕ ಬಳಸಬಹುದಾದ್ದಕ್ಕೆ 15 ಟಿಎಂಸಿ. ಮೇಲೆ ಮಹಾರಾಷ್ಟ್ರದಲ್ಲಿರುವ ಉಜನಿ ಜಲಾಶಯದ ಒಟ್ಟು ಸಾಮರ್ಥ್ಯವೇ ಸುಮಾರು 117 ಟಿಎಂಸಿ. ಮಳೆಗಾಲದಲ್ಲಿ ಅಲ್ಲಿಂದ ಒಮ್ಮೆಲೇ ಬಿಟ್ಟರೆ ಇಲ್ಲಿ ಪ್ರವಾಹ, ಬೇಸಿಗೆಯಲ್ಲಿ ಬಿಡದಿದ್ದರೆ ಮರಳು. ಇದನ್ನು ಶಾಸಕರೊಬ್ಬರು ಬದಲಿಸುತ್ತಾರೆ ಎಂದು ಹೇಳುವುದು ಸುಳ್ಳು.

ಕೈಯಲ್ಲಿ ಇರುವುದು ಬ್ಯಾರೇಜುಗಳು. ಮಳೆ ಹಿಂದೆ ಸರಿಯುವಾಗ, ಅಕ್ಟೋಬರ್–ನವೆಂಬರ್‌ನಲ್ಲಿ, ಗೇಟುಗಳನ್ನು ಹೊತ್ತಿಗೆ ಸರಿಯಾಗಿ ಇಳಿಸಬೇಕು. ಒಂದೆರಡು ವಾರ ತಡವಾದರೆ ನಿಲ್ಲಬೇಕಾದ ಹರಿವು ಹೋಗಿಬಿಡುತ್ತದೆ. ಗೇಟಿನ ರಬ್ಬರ್ ಸೀಲು ಹರಿದಿದ್ದರೆ ಹಗಲು ರಾತ್ರಿ ಸೋರಿ ಮಾರ್ಚ್ ಹೊತ್ತಿಗೆ ತಳ ಕಾಣುತ್ತದೆ. ಸೀಲು ಬದಲಿಸುವ ಟೆಂಡರ್ ಬೇಸಿಗೆಯಲ್ಲಿ ಕರೆಯಬೇಕು. ಸಾಮಾನ್ಯವಾಗಿ ಕರೆಯುವುದು ಗೇಟು ಇಳಿಸಿದ ಮೇಲೆ, ನೀರಿನಲ್ಲಿ ಕೆಲಸವೇ ಆಗದ ಹೊತ್ತಿನಲ್ಲಿ. ನಿಲುವಿನ ಮೊದಲ ಅರ್ಧ ಇದೇ ಆಯಿತು: ಏಪ್ರಿಲ್‌ನಲ್ಲಿ ಸೀಲು ಪರಿಶೀಲನೆ, ಮೇ ಒಳಗೆ ದುರಸ್ತಿ, ಅಕ್ಟೋಬರ್ ಕೊನೆಗೆ ಗೇಟು, ಮೂರನ್ನೂ ಕೆಡಿಪಿ ಸಭೆಯ ಕಾರ್ಯಸೂಚಿಯಲ್ಲಿ ಹಾಕುವುದು. ಪ್ರವಾಹಕ್ಕೆ, ಉಜನಿಯಿಂದ ನೀರು ಬಿಟ್ಟ ಸುದ್ದಿ ದಂಡೆಯ ಪ್ರತಿ ಪಂಚಾಯಿತಿಯ ಧ್ವನಿವರ್ಧಕಕ್ಕೆ ತಲುಪುವ ಸರಪಳಿ.

ಎರಡನೆಯ ಅರ್ಧ ನೋವಿನದು. ಬ್ಯಾರೇಜಿನ ಹಿನ್ನೀರು ಕುಡಿಯುವ ನೀರಿನ ಯೋಜನೆಗಳಿಗೂ ಬೇಕು, ದಂಡೆಯ ಪಂಪ್‌ಸೆಟ್ಟುಗಳಿಗೂ ಬೇಕು. ಕಲಬುರಗಿ ನಗರವೂ ಭೀಮೆಯ ನೀರು ಕುಡಿಯುತ್ತದೆ. ಏಪ್ರಿಲ್‌ನಲ್ಲಿ ಮಟ್ಟ ಒಂದು ಗುರುತಿಗಿಂತ ಇಳಿದರೆ ಕೃಷಿ ಪಂಪುಗಳ ವಿದ್ಯುತ್ ಗಂಟೆಗಳನ್ನು ಕಡಿತ ಮಾಡಬೇಕು, ಕುಡಿಯುವ ನೀರು ಮೊದಲು ಎಂದು ಬರೆಯಬೇಕೋ ಬೇಡವೋ? ನದಿದಂಡೆಯ ಹೋಬಳಿಯೇ ಅಭ್ಯರ್ಥಿಯ ಗಟ್ಟಿ ನೆಲೆ. ಅಲ್ಲಿಂದ ಬಂದಿದ್ದ ತಂಡದ ಸದಸ್ಯರು, ಈ ಸಾಲು ಹೋದರೆ ತಾವು ಮನೆಗೆ ಮುಖ ತೋರಿಸುವಂತಿಲ್ಲ ಎಂದರು. ‘ಎಲ್ಲರಿಗೂ ಸಮರ್ಪಕ ನೀರು’ ಎಂಬ ಸಾಲನ್ನು ಬದಲಿಗೆ ಸೂಚಿಸಿದರು. ಅದು ಐದೂ ಪ್ರಶ್ನೆಗಳಲ್ಲಿ ನಪಾಸಾಗುವ ಸಾಲು.

ಅಭ್ಯರ್ಥಿ ಎರಡು ದಿನ ತೆಗೆದುಕೊಂಡರು. ಒಳನಾಡಿನ ಹಳ್ಳಿಗಳಲ್ಲಿ ಹೆಂಗಸರು ಟ್ಯಾಂಕರ್‌ಗೆ ಕಾಯುವುದನ್ನು ಅದೇ ವಾರ ನೋಡಿಬಂದಿದ್ದರು. ಕಡಿತದ ಸಾಲು ಉಳಿಯಿತು. ಜೊತೆಗೆ ಒಂದು ತಿದ್ದುಪಡಿ ಸೇರಿತು: ನೀರಿನ ಮಟ್ಟವನ್ನು ವಾರಕ್ಕೊಮ್ಮೆ ಫಲಕದಲ್ಲಿ ಬರೆಯುವುದು, ಕಡಿತ ಯಾವಾಗ ಬರಬಹುದೆಂದು ಜನವರಿಯಲ್ಲೇ ತಿಳಿಸುವುದು. ಹಾಗೆ ತಿಳಿದರೆ ರೈತ ಬೇಸಿಗೆ ಬೆಳೆಗೆ ಕೈಹಾಕುವ ಮುನ್ನ ಲೆಕ್ಕ ಹಾಕಿಕೊಳ್ಳಬಹುದು. ಇದು ಎರಡನೆಯ ತಿರುವು. ಮತದ ಲೆಕ್ಕದಲ್ಲಿ ನಷ್ಟವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ, ಆದರೂ ಈ ತೀರ್ಮಾನ ಸರಿ ಎಂದೇ ನಾವು ಹೇಳುತ್ತೇವೆ. ಕೊರತೆ ಇರುವ ಕಡೆ ಯಾರಿಗೆ ಮೊದಲು ಎಂದು ಹೇಳದ ನಿಲುವು ನಿಲುವೇ ಅಲ್ಲ.

ಉಳಿದ ಪುಟಗಳು

‘ಮನೆಗೊಂದು ನೌಕರಿ’ ಹೋಗಿ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು. ಈ ವಿಧಿಯಡಿ 2013ರ ಆದೇಶದ ಪ್ರಕಾರ ಈ ಭಾಗದ ಸ್ಥಳೀಯ ವೃಂದದಲ್ಲಿ ಎ ಗುಂಪಿನ ಕಿರಿಯ ಶ್ರೇಣಿ ಮತ್ತು ಬಿ ಗುಂಪಿಗೆ ಶೇ 75, ಸಿ ಗುಂಪಿಗೆ ಶೇ 80, ಡಿ ಗುಂಪಿಗೆ ಶೇ 85 ಮೀಸಲು. ರಾಜ್ಯ ಮಟ್ಟದ ಕಚೇರಿಗಳಲ್ಲಿ ಶೇ 8. ಮೀಸಲು ಇದ್ದೂ ಹುದ್ದೆ ಭರ್ತಿಯಾಗದಿದ್ದರೆ ಅದರ ಬೆಲೆ ಕಾಗದದ್ದು. ಹಾಗಾಗಿ ನಿಲುವು, ಪ್ರತಿ ಅಧಿವೇಶನದಲ್ಲಿ ತಾಲ್ಲೂಕಿನ ಖಾಲಿ ಹುದ್ದೆಗಳ ಇಲಾಖಾವಾರು ಪಟ್ಟಿಯನ್ನು ಪ್ರಶ್ನೆಯ ಮೂಲಕ ಹೊರತರುವುದು ಮತ್ತು ಅರ್ಹತಾ ಪ್ರಮಾಣಪತ್ರ ನೇಮಕಾತಿಯ ಅಧಿಸೂಚನೆ ಬಂದ ಮೇಲೆ ಅಲೆಯುವಂತಾಗದೆ ಕಾಲೇಜಿನಲ್ಲೇ ಸಿಗುವಂತೆ ಮಾಡುವುದು.

ಮಂಡಳಿಯ ಹಣದ ಪುಟ ಚಿಕ್ಕದು: ಕಾಮಗಾರಿ ಪಟ್ಟಿ ಪಂಚಾಯಿತಿ ಗೋಡೆಯ ಮೇಲೆ, ಕಟ್ಟಡಕ್ಕಿಂತ ಮೊದಲು ಅದರೊಳಗೆ ಕೂರುವ ಶಿಕ್ಷಕರು ಮತ್ತು ನರ್ಸ್. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರ ನಂಜುಂಡಪ್ಪ ವರದಿ ಹೇಳಿದ ಹಿಂದುಳಿದಿರುವಿಕೆ ಕಟ್ಟಡದ ಕೊರತೆಯೊಂದೇ ಅಲ್ಲವಲ್ಲ.

ಗುಳೆಯ ಪುಟದಲ್ಲಿ ಮತ್ತೆ ತಿಂಗಳಿನ ಲೆಕ್ಕ. ಉದ್ಯೋಗ ಖಾತರಿಯ ಕೂಲಿ 2022-23ರಲ್ಲಿ ದಿನಕ್ಕೆ 309 ರೂಪಾಯಿ. ಮುಂದಿನ ವರ್ಷದ ಕೆಲಸಗಳ ಪಟ್ಟಿ ಅಕ್ಟೋಬರ್ 2ರಿಂದ ಶುರುವಾಗುವ ಗ್ರಾಮಸಭೆಗಳಲ್ಲಿ ಸಿದ್ಧವಾಗಬೇಕಿತ್ತು. ಅಲ್ಲಿ ತಾಂಡಾದವರ ಬೇಡಿಕೆ ಏರದಿದ್ದರೆ, ರಾಶಿ ಮುಗಿದ ಜನವರಿಯಲ್ಲಿ ಕೆಲಸವಿಲ್ಲ, ಮುಕದ್ದಮನ (ಕೂಲಿಕಾರರನ್ನು ಕರೆದೊಯ್ಯುವ ಮೇಸ್ತ್ರಿ) ಮುಂಗಡ ಹಿಡಿದು ಲಾರಿ ಹತ್ತುವುದೊಂದೇ ದಾರಿ. ಹೋಗುವವರ ಮಕ್ಕಳಿಗೆ ಹಂಗಾಮಿ ವಸತಿನಿಲಯ ಜನವರಿಗೆ ಮುನ್ನ ತೆರೆಯಬೇಕೆಂಬುದೂ ಸೇರಿತು.

ನದಿಯ ಮರಳು ತೆಗೆಯುವ ಬಗ್ಗೆ ತಂಡದಲ್ಲಿ ಒಮ್ಮತ ಬರಲಿಲ್ಲ. ಪುಟದಲ್ಲಿ ಅದನ್ನೇ ಬರೆದರು, ಇದರ ಮೇಲೆ ಇನ್ನೂ ನಿಲುವು ಸಿದ್ಧವಾಗಿಲ್ಲ ಎಂದು.

ಹಳ್ಳಿಗಳಲ್ಲಿ

ಏಳು ಪುಟ ಯಾರೂ ಓದುವುದಿಲ್ಲ ಎಂಬ ಭಯ ಅರ್ಧ ನಿಜವಾಯಿತು. ಹಂಚಲು ಒಂದೇ ಹಾಳೆ ಮಾಡಿದರು, ಕನ್ನಡ ಒಂದು ಬದಿ, ಉರ್ದು ಇನ್ನೊಂದು ಬದಿ. ಈ ಸಲ ಮುದ್ರಕರ ಹೆಸರು ಮೊದಲ ಸಾಲಿನಷ್ಟೇ ಎದ್ದು ಕಾಣುತ್ತಿತ್ತು. ಪೂರ್ತಿ ಪುಟಗಳು ಪ್ರತಿ ಪಂಚಾಯಿತಿಯಲ್ಲಿ ಒಬ್ಬರ ಬಳಿ. ತಾಂಡಾಗಳಲ್ಲಿ ಅಲ್ಲಿಯ ಹುಡುಗಿಯರೇ ಲಂಬಾಣಿಯಲ್ಲಿ ಹೇಳಿದರು. ಬಿಸಿಲಿನ ಕಾರಣಕ್ಕೆ ಸಭೆಗಳೆಲ್ಲ ಸಂಜೆ. ಬೆಳೆ ಸಮೀಕ್ಷೆಯ ಸಾಲು ಓದಿದ ಕಡೆಯೆಲ್ಲ ಜನ ಮನೆಗೆ ಹೋಗಿ ಪಹಣಿ ತಂದರು. ಅದು ಪ್ರಚಾರ ಸಭೆಯ ಸ್ವರೂಪವನ್ನೇ ಬದಲಿಸಿತು. ಕೇಳುವವರು ಹೇಳುವವರಾದರು, ನಿವೃತ್ತ ಕಂದಾಯ ನೌಕರರು ಅಭ್ಯರ್ಥಿಗಿಂತ ಹೆಚ್ಚು ಮಾತಾಡಬೇಕಾಯಿತು.

ಮತದಾನಕ್ಕೆ ಕೆಲವೇ ದಿನ ಇರುವಾಗ ಮೂರನೆಯ ತಿರುವು ಬಂತು. ದೊಡ್ಡ ಬಹಿರಂಗ ಸಭೆಯಲ್ಲಿ, ಎದುರಾಳಿಯ ಭಾಷಣಕ್ಕೆ ಉತ್ತರ ಕೊಡುವ ಬಿಸಿಯಲ್ಲಿ, ಅಭ್ಯರ್ಥಿಯ ಬಾಯಿಂದ ಮತ್ತೆ 12,000 ಬಂದುಬಿಟ್ಟಿತು. ಚಪ್ಪಾಳೆಯೂ ಬಿತ್ತು. ರಾತ್ರಿಯೊಳಗೆ ಆ ತುಣುಕು ವಾಟ್ಸ್ಆ್ಯಪ್‌ನಲ್ಲಿ, ಪಕ್ಕದಲ್ಲಿ ಅವರದೇ ಹಾಳೆಯ ಚಿತ್ರ. ಎರಡರಲ್ಲಿ ಯಾವುದು ಸುಳ್ಳು ಎಂಬ ಪ್ರಶ್ನೆ. ಸುಮ್ಮನಿರಿ, ಮೂರು ದಿನದಲ್ಲಿ ಮರೆಯುತ್ತಾರೆ ಎಂಬ ಸಲಹೆ ಬಂತು. ಅಭ್ಯರ್ಥಿ ಮರುದಿನ ಸಂಜೆ ಅದೇ ಊರಿಗೆ ಹೋಗಿ, 5,400ರ ವ್ಯತ್ಯಾಸ, 30 ಲಕ್ಷ ಕ್ವಿಂಟಲ್, 1,620 ಕೋಟಿಯ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿ ಮಾತನ್ನು ಹಿಂತೆಗೆದುಕೊಂಡರು. ಈ ವಿಡಿಯೊ ಮೊದಲಿನದಷ್ಟು ಹರಡಲಿಲ್ಲ. ಬರೆದ ನಿಲುವು ಬಾಯಿಗೆ ಬರಬೇಕಾದರೆ ಬರೆಯುವಷ್ಟೇ ಅಭ್ಯಾಸ ಬೇಕು. ತಂಡ ಬರೆಯುವುದಕ್ಕೆ ಕೊಟ್ಟ ಸಮಯದ ಹತ್ತರಲ್ಲೊಂದನ್ನೂ ಅದಕ್ಕೆ ಕೊಟ್ಟಿರಲಿಲ್ಲ. ಬಿಸಿ ಸಭೆಯಲ್ಲಿ ಹೇಳಲು ಪ್ರತಿ ನಿಲುವಿಗೂ ಎರಡು ಸಾಲಿನ ಮಾತು ಮೊದಲೇ ಸಿದ್ಧವಿರಬೇಕಿತ್ತು.

ಫಲಿತಾಂಶ ಮತ್ತು ಆಮೇಲೆ

ಮೇ 13ರಂದು ಅಭ್ಯರ್ಥಿ ಸೋತರು. ನದಿದಂಡೆಯ ಹೋಬಳಿಯಲ್ಲಿ ನಿರೀಕ್ಷೆಗಿಂತ ಕಡಿಮೆ, ಪಹಣಿ ಹೊರಬಂದ ಒಳನಾಡಿನ ಪಂಚಾಯಿತಿಗಳಲ್ಲಿ ನಿರೀಕ್ಷೆಗಿಂತ ಹೆಚ್ಚು ಮತ ಬಂದವು. ನಿಲುವು ಪತ್ರದಿಂದ ಇಷ್ಟು ಮತ ಬಂತು, ಇಷ್ಟು ಹೋಯಿತು ಎಂದು ಬೇರ್ಪಡಿಸಿ ಹೇಳಲು ದಾರಿಯಿಲ್ಲ. ಜಾತಿ, ಹಣ, ರಾಜ್ಯದ ಗಾಳಿ ಎಲ್ಲವೂ ಅಲ್ಲಿದ್ದವು. ನಿಲುವು ಪತ್ರ ಬರೆದರೆ ಗೆಲ್ಲುತ್ತಾರೆ ಎಂದು ಈ ಪ್ರಕರಣ ತೋರಿಸುವುದಿಲ್ಲ.

ಆ ವರ್ಷ ಮುಂಗಾರು ಕೈಕೊಟ್ಟು, ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಬರ ಪರಿಹಾರ, ವಿಮೆ ಎರಡಕ್ಕೂ ಬೆಳೆ ದಾಖಲೆಯೇ ಆಧಾರ. ಸೋತ ಅಭ್ಯರ್ಥಿಯ ತಂಡ ಒಳನಾಡಿನ ಕೆಲವು ಪಂಚಾಯಿತಿಗಳಲ್ಲಿ ಆ ಓದುವ ಶಿಬಿರವನ್ನು ತಾವೇ ನಡೆಸಿತು. ಅಧಿಕಾರ ಇರಲಿಲ್ಲ, ಇದ್ದದ್ದು ಪಂಚಾಯಿತಿ ಸದಸ್ಯರ ಒಪ್ಪಿಗೆ ಮತ್ತು ಗ್ರಾಮ ಲೆಕ್ಕಿಗರಿಗೆ ಮೊದಲೇ ಕೊಟ್ಟ ಪತ್ರ. ಹೆಸರು ಎಂದು ದಾಖಲಾಗಿದ್ದ ಹೊಲಗಳಿಗೆ ತೊಗರಿ ಸೇರಿಸುವ ಆಕ್ಷೇಪಣೆಗಳು ಅವಧಿಯೊಳಗೆ ಹೋದವು. ಎಲ್ಲವೂ ಒಪ್ಪಿಗೆಯಾಗಲಿಲ್ಲ, ಫೋಟೊ ಇಲ್ಲದ ಅರ್ಜಿಗಳು ತಿರಸ್ಕೃತವಾದವು. ಹಾಗಾಗಿ ಮುಂದಿನ ಹಂಗಾಮಿನಿಂದ ಹೊಲದಲ್ಲಿ ನಿಂತು, ಎರಡೂ ಬೆಳೆಯ ಸಾಲು ಕಾಣುವಂತೆ ಚಿತ್ರ ತೆಗೆದೇ ಅರ್ಜಿ ಹಾಕಿಸುತ್ತಿದ್ದಾರೆ.

ಬ್ಯಾರೇಜಿನ ನೀರಿನ ಮಟ್ಟದ ಫಲಕ ಇನ್ನೂ ಬಂದಿಲ್ಲ. 2021ರಿಂದ ನಡೆಯದೇ ಉಳಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಚುನಾವಣೆಗಾಗಿ ತಂಡ ಪುಟಗಳನ್ನು ಮತ್ತೆ ಜರಡಿ ಹಿಡಿದಿದೆ. ಜಿಲ್ಲಾ ಪಂಚಾಯಿತಿ ಸದಸ್ಯರ ಕೈಯಲ್ಲಿ ಇರುವುದು ಬೇರೆ, ಆದ್ದರಿಂದ ಆಮದು, ಪ್ರೋತ್ಸಾಹಧನ, ಖಾಲಿ ಹುದ್ದೆಯ ಪ್ರಶ್ನೆ ಹಾಳೆಯಿಂದ ಹೊರಗೆ ಹೋಗಿವೆ. ಬೆಳೆ ಓದಿಸುವ ಶಿಬಿರ ಮೊದಲ ಸಾಲಿಗೆ ಬಂದಿದೆ, ಹಂಗಾಮಿ ವಸತಿನಿಲಯ ಎರಡನೆಯದಕ್ಕೆ. ಮರಳಿನ ಪುಟದ ಮೇಲೆ ಈಗ ವಾದ ನಡೆಯುತ್ತಿದೆ.